ಆರಾಧನೆಯೂ ದಿನಚರಿಯೂ: ಬೆಳಗಾವಿ–ಖಾನಾಪುರ ಪ್ರಾಂತದ ಕ್ರೈಸ್ತ ಜೀವನ

೧

ಕ್ರೈಸ್ತಮತದ ಆರಾಧನೆಯೆಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ತೋರುವುದು ರವಿವಾರ, ದೇವಾಲಯದ ಗಂಟೆ, ಸಭೆಯ ಗಾನ, ಗುರುವಿನ ಉಪದೇಶ ಇವುಗಳೇ. ವಾರದಲ್ಲಿ ಒಂದು ದಿನ, ಆ ದಿನದಲ್ಲಿ ಒಂದೆರಡು ಗಂಟೆ ದೇವರದು. ಉಳಿದುದೆಲ್ಲವೂ ಲೌಕಿಕವೆಂಬ ವಿಭಾಗವು ಆ ಮತದವರಲ್ಲಿಯೂ ಹೊರಗಿನವರಲ್ಲಿಯೂ ರೂಢಿಯಾಗಿದೆ. ಆದರೆ ಆ ಮತದ ಮೂಲಗ್ರಂಥಗಳು ಇಂಥ ವಿಭಾಗವನ್ನು ಒಪ್ಪುವುದಿಲ್ಲ. ದಿನಚರಿಯೇ ಆರಾಧನೆಯಾಗಬೇಕೆಂಬುದು ಅವುಗಳ ಅಭಿಪ್ರಾಯ. ಈ ಅಭಿಪ್ರಾಯವು ಒಂದು ನಾಡಿನ ಭಾಷೆಯಲ್ಲಿಯೂ ಬಾಳಿನಲ್ಲಿಯೂ ಎಷ್ಟರಮಟ್ಟಿಗೆ ಬೇರೂರಿತೆಂಬುದೇ ಇಲ್ಲಿಯ ಪ್ರಶ್ನೆ.

ಈ ಪರಿಶೀಲನೆಗೆ ಬೆಳಗಾವಿ ನಗರವೂ ಖಾನಾಪುರ ತಾಲೂಕೂ ತಕ್ಕ ಸ್ಥಳಗಳು. ಕನ್ನಡ, ಮರಾಠಿ, ಕೊಂಕಣಿಗಳು ಕೂಡುವ ಈ ಪ್ರಾಂತಕ್ಕೆ ಕ್ರೈಸ್ತಮತವು ಎರಡು ದಾರಿಗಳಿಂದ ಬಂದಿತು. ಗೋವೆಯಿಂದ ಘಟ್ಟವನ್ನೇರಿ ಬಂದುದು ಕೆಥೋಲಿಕ ಪರಂಪರೆ. ಬಳ್ಳಾರಿಯ ಕಡೆಯಿಂದ ಬಂದುದು ಪ್ರಾಟೆಸ್ಟಂಟ್ ಪರಂಪರೆ.

೨

ಮೊದಲು ಶಬ್ದವಿಚಾರ. ಹಿಬ್ರೂ ಭಾಷೆಯ ‘ಅವೋದಾ’ ಎಂಬ ಒಂದೇ ಪದವು ಹೊಲದ ದುಡಿಮೆಗೂ, ಐಗುಪ್ತದಲ್ಲಿ ಇಸ್ರಾಯೇಲ್ಯರು ಮಾಡಿದ ಬಿಟ್ಟಿಯ ದುಡಿಮೆಗೂ, ದೇವಸನ್ನಿಧಿಯಲ್ಲಿ ನಡೆಯುವ ಸೇವೆಗೂ ಸಲ್ಲುತ್ತದೆ. ಗ್ರೀಕಿನ ‘ಲತ್ರೆಯಾ’ ಎಂಬುದು ಕೂಲಿಯಾಳು ಎಂಬರ್ಥದ ‘ಲಾತ್ರಿಸ್’ ಶಬ್ದದೊಡನೆ ಸಂಬಂಧವುಳ್ಳದ್ದು. ‘ಲೈತೂರ್ಗಿಯಾ’ ಎಂಬುದು ಅಥೆನ್ಸಿನಲ್ಲಿ ಸಿರಿವಂತನಾದ ಪೌರನು ಸ್ವಂತ ವೆಚ್ಚದಿಂದ ಯುದ್ಧದ ಹಡಗನ್ನು ಸಜ್ಜುಗೊಳಿಸುವುದು, ನಾಟಕದ ಮೇಳವನ್ನು ಪೋಷಿಸುವುದು ಮುಂತಾದ ಲೋಕಕಾರ್ಯಗಳಿಗೆ ಹೆಸರಾಗಿದ್ದು, ಬಳಿಕ ದೇವಾಲಯದ ವಿಧಿಗೆ ಸಂದಿತು. ಹೀಗೆ ಮೂರು ಮಾತುಗಳ ಬೇರೂ ದುಡಿಮೆಯಲ್ಲಿಯೇ ಇರುವುದು.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೨ನೆಯ ಅಧ್ಯಾಯದ ಮೊದಲಲ್ಲಿ, ಭಕ್ತರು ತಮ್ಮ ದೇಹಗಳನ್ನೇ ಜೀವಂತವಾದ ಬಲಿಯಾಗಿ ಒಪ್ಪಿಸಬೇಕೆಂದೂ, ಅದೇ ಅವರ ‘ಲತ್ರೆಯಾ’ ಎಂದೂ ಹೇಳುತ್ತಾನೆ. ಇಷ್ಟು ಹೇಳಿದವನು ಮುಂದೆ ವಿಧಿವಿಧಾನಗಳನ್ನು ವಿವರಿಸುವುದಿಲ್ಲ. ಅತಿಥಿಸತ್ಕಾರ, ಬಡವರಿಗೆ ನೆರವು, ಅಳುವವರೊಡನೆ ಅಳುವುದು, ಹಸಿದ ವೈರಿಗೆ ಅನ್ನವಿಕ್ಕುವುದು ಇವನ್ನೇ ಎಣಿಸುತ್ತಾನೆ. ಅವನಿಗಿಂತ ಎಷ್ಟೋ ಪೂರ್ವದ ಆಮೋಸ ಪ್ರವಾದಿಯು, ನ್ಯಾಯವಿಲ್ಲದ ನಾಡಿನ ಉತ್ಸವಗಳನ್ನೂ ಗಾನವನ್ನೂ ದೇವರು ಸಹಿಸನೆಂದು ಸಾರಿದ್ದನು.

ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ೧೮೩೧ರ ವೇಳೆಗೆ ಬೈಬಲ್ಲು ಕನ್ನಡದಲ್ಲಿ ಪೂರ್ಣವಾಗಿ ದೊರೆತಿತು. ಇಂಥ ಭಾಷಾಂತರಕಾರರ ಮುಂದೆ ಆರಾಧನೆ, ಪೂಜೆ, ಸೇವೆ ಎಂಬ ಮೂರು ಮಾತುಗಳಿದ್ದುವು. ‘ಆರಾಧನೆ’ಯಲ್ಲಿ ಒಲಿಸಿಕೊಳ್ಳುವ ಭಾವವುಂಟು, ‘ಪೂಜೆ’ಯಲ್ಲಿ ಅರ್ಪಿಸುವ ವಿಧಿಯುಂಟು. ಆಳಿನ ಊಳಿಗವನ್ನೂ ಭಕ್ತನ ಭಕ್ತಿಯನ್ನೂ ಒಟ್ಟಿಗೆ ಹೇಳಬಲ್ಲುದು ‘ಸೇವೆ’ ಒಂದೇ. ಆದರೂ ಪ್ರಾಟೆಸ್ಟಂಟರಲ್ಲಿ ‘ಆರಾಧನೆ’ಯೂ ಕೆಥೋಲಿಕರಲ್ಲಿ ‘ಬಲಿಪೂಜೆ’ಯೂ ಮುಖ್ಯ ಪಾರಿಭಾಷಿಕಗಳಾಗಿ ನಿಂತುವು. ‘ಸೇವೆ’ಯು ಬಹುಮಟ್ಟಿಗೆ ಪರೋಪಕಾರದ ಹೆಸರಾಗಿ ದೇವಾಲಯದ ಹೊರಗೆ ಉಳಿಯಿತು. ಮೂಲದಲ್ಲಿ ಒಂದಾಗಿದ್ದುದು ಭಾಷಾಂತರದಲ್ಲಿ ಎರಡಾಯಿತು.

೩

ಮಾತು ಎರಡಾದರೂ ಬಾಳು ಅಷ್ಟು ಸುಲಭವಾಗಿ ಎರಡಾಗಲಿಲ್ಲ. ಖಾನಾಪುರ ತಾಲೂಕು ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯನ್ನು ಒಳಗೊಂಡ ಮಲೆಸೀಮೆ. ಕಾಡು, ಭತ್ತದ ಗದ್ದೆ, ಕುಂಬಾರಿಕೆಗೆ ಹೆಸರಾದ ಜೇಡಿಮಣ್ಣು ಇವು ಅದರ ಸಂಪತ್ತು. ಗೋವೆಯ ಕ್ರೈಸ್ತರು ಬೇರೆ ಬೇರೆ ಕಾಲಗಳಲ್ಲಿ ಹೊಟ್ಟೆಪಾಡಿಗಾಗಿ ಇತ್ತ ಬಂದರು. ೧೯ನೆಯ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ಲೋಂಡಾ ಜಂಕ್ಷನ್ನಿನಲ್ಲಿಯೂ ನೆಲೆಸಿದರು. ಈ ಪರಂಪರೆಯ ಶಬ್ದಗಳನ್ನು ಲಕ್ಷ್ಯವಿಟ್ಟು ನೋಡಿದರೆ ಒಂದು ಸಂಗತಿಯು ಹೊಳೆಯುವುದು. ‘ಇಗರ್ಜ್’ (ದೇವಾಲಯ), ‘ಖುರಿಸ್’ (ಶಿಲುಬೆ), ‘ತೆರ್ಸ್’ (ಜಪಮಾಲೆ), ‘ಬೆಸಾಂವ್’ (ಆಶೀರ್ವಾದ) ಇವೆಲ್ಲ ಪೋರ್ತುಗೀಸದಿಂದ ಬಂದವು. ಆದರೆ ಇವುಗಳಲ್ಲಿ ಇಗರ್ಜಿಯೊಂದನ್ನುಳಿದು ಮಿಕ್ಕವು ಮನೆಯಲ್ಲಿಯೋ ದಾರಿಯ ಬದಿಯಲ್ಲಿಯೋ ಬಾಳುವ ಮಾತುಗಳು. ಬೆಳಗು, ನಡುಹಗಲು, ಸಂಜೆ ಮೂರು ಹೊತ್ತು ಗಂಟೆ ಬಾರಿಸಿದಾಗ ಕೈಯ ಕೆಲಸವನ್ನು ನಿಲ್ಲಿಸಿ ಪ್ರಾರ್ಥಿಸುವುದು, ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಕುಳಿತು ತೆರ್ಸ್ ಹೇಳುವುದು, ಅದು ಮುಗಿದೊಡನೆ ಮಕ್ಕಳು ಹಿರಿಯರ ಬಳಿಗೆ ಹೋಗಿ ಬೆಸಾಂವ್ ಬೇಡುವುದು ಇವು ಈ ಸಂಪ್ರದಾಯದ ನಿತ್ಯಕರ್ಮಗಳು. ಇಲ್ಲಿ ಗುರುವಿನ ಅವಶ್ಯಕತೆಯಿಲ್ಲ. ಮನೆಯ ಅಜ್ಜಿಯೇ ಆ ಹೊತ್ತಿನ ಗುರು. ಕೊಂಕಣಿಯಲ್ಲಿ ಉಪಕಾರಸ್ಮರಣೆಗೆ ಹೇಳುವ ‘ದೇವ್ ಬರೆಂ ಕರುಂ’ ಎಂಬ ಮಾತಿನ ಅರ್ಥವು ‘ದೇವರು ಒಳ್ಳೆಯದನ್ನು ಮಾಡಲಿ’ ಎಂಬುದು. ಸಂತೆಯಲ್ಲಿ ಆಡಿದ ವಂದನೆಯೂ ಹೀಗೆ ಪ್ರಾರ್ಥನೆಯೇ ಆಗಿದೆ.

ಈ ಗೃಹಭಕ್ತಿಗೆ ಸಾಹಿತ್ಯದ ಬೆಂಬಲವೂ ಇದ್ದಿತು. ಇಂಗ್ಲೆಂಡಿನವನಾದ ಜೆಸುಯಿಟ್ ಗುರು ಥಾಮಸ್ ಸ್ಟೀಫನ್ಸನ ‘ಕ್ರಿಸ್ತಪುರಾಣ’ವು ೧೬೧೬ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾಯಿತು. ಕೊಂಕಣಿಯ ಬೆರಕೆಯುಳ್ಳ ಮರಾಠಿಯಲ್ಲಿ, ಓವೀ ಛಂದಸ್ಸಿನಲ್ಲಿ ರಚಿತವಾದ ಈ ಕಾವ್ಯವನ್ನು ಜನರು ಹಾಡಿಕೊಂಡರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುವ ಪದಗಳೂ ಓವಿಗಳೇ ಎಂಬುದನ್ನು ನೆನೆದರೆ, ದುಡಿಮೆಯ ಧಾಟಿಗೆ ಹೊಂದುವ ಛಂದಸ್ಸನ್ನೇ ಕವಿಯು ಆರಿಸಿದನೆಂಬುದು ಗೊತ್ತಾಗುವುದು. ೧೬೮೪ರಲ್ಲಿ ಪೋರ್ತುಗೀಸ ಆಡಳಿತವು ಗೋವೆಯ ಜನರು ಮೂರು ವರ್ಷಗಳೊಳಗಾಗಿ ಕೊಂಕಣಿಯನ್ನು ಬಿಡಬೇಕೆಂದು ಆಜ್ಞಾಪಿಸಿತು. ಆಜ್ಞೆಯು ಕಾಗದದಲ್ಲಿ ಉಳಿಯಿತು. ಭಾಷೆಯು ಒಲೆಯ ಮುಂದೆ ಉಳಿಯಿತು.

೪

ಬೆಳಗಾವಿಯ ಕೋಟೆಯು ೧೮೧೮ರಲ್ಲಿ ಇಂಗ್ಲಿಷರ ವಶವಾಗಿ ಅಲ್ಲಿ ದಂಡಿನ ಠಾಣ್ಯವು ಬೆಳೆಯಿತು. ೧೮೨೦ರಲ್ಲಿ ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರನು ಅಲ್ಲಿಗೆ ಬಂದು ನೆಲೆಸಿದನು. ಬಳಿಕ ವಿಲಿಯಂ ಬೇನನನು ಅವನೊಡನೆ ಸೇರಿದನು. ನಗರದ ಬೇನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಇವನ ನೆನಪಿದೆ. ಇವರು ತಂದ ಪದ್ಧತಿಯ ಕೇಂದ್ರವು ಮೂರ್ತಿಯೂ ಅಲ್ಲ, ಮಾಲೆಯೂ ಅಲ್ಲ, ಗ್ರಂಥ. ಓದಬಲ್ಲವನು ಮಾತ್ರ ಮನೆಯಲ್ಲಿ ಆರಾಧನೆಯನ್ನು ನಡೆಸಬಲ್ಲನಾದ್ದರಿಂದ ಶಾಲೆಯು ಸಭೆಯ ಅಂಗವಾಯಿತು. ೧೯೦೪ರಲ್ಲಿ ಈ ಕ್ಷೇತ್ರವು ಮೆಥೊಡಿಸ್ಟರ ಕೈಗೆ ಬಂದಿತು. ಮೆಥೊಡಿಸ್ಟ್ ಮಾರ್ಗದ ಪ್ರವರ್ತಕನಾದ ಜಾನ್ ವೆಸ್ಲಿಯು ೧೮ನೆಯ ಶತಮಾನದಲ್ಲಿಯೇ, ಭಕ್ತರು ಸಣ್ಣ ಗುಂಪುಗಳಾಗಿ ವಾರಕ್ಕೊಮ್ಮೆ ಕೂಡಿ ತಮ್ಮ ನಡತೆಯ ಲೆಕ್ಕವನ್ನು ಒಪ್ಪಿಸುವ ಕ್ರಮವನ್ನು ಏರ್ಪಡಿಸಿದ್ದನು. ಕೆಡುಕು ಮಾಡದಿರುವುದು, ಒಳಿತು ಮಾಡುವುದು, ದೇವವಿಧಿಗಳನ್ನು ಪಾಲಿಸುವುದು ಎಂಬುದು ಅವನ ನಿಯಮಗಳ ಕ್ರಮ. ಇವುಗಳಲ್ಲಿ ದೇವಾಲಯವು ಮೂರನೆಯದು ಎಂಬುದು ಗಮನಾರ್ಹ.

೫

ದಿನಚರಿಯೇ ಆರಾಧನೆಯೆಂದ ಮೇಲೆ ದಿನಚರಿಯಲ್ಲಿರುವ ದೋಷವೂ ಆರಾಧನೆಯ ದೋಷವೇ ಆಗುವುದು. ಈ ದೇಶದ ದಿನಚರಿಯಲ್ಲಿ ಜಾತಿಯಷ್ಟು ಬಲವಾದದ್ದು ಬೇರೊಂದಿಲ್ಲ. ಗೋವೆಯ ಇಗರ್ಜಿಗಳಲ್ಲಿ ಉತ್ಸವಗಳನ್ನು ನಡೆಸುವ ಭಕ್ತಸಂಘಗಳು ಎಷ್ಟೋ ಕಡೆ ಒಂದೊಂದು ಜಾತಿಯ ಸ್ವತ್ತಾಗಿದ್ದುವು. ಪ್ರಾಟೆಸ್ಟಂಟರಲ್ಲಿಯೂ ಈ ತೊಡಕು ಬಂದಿತು. ೧೮೫೦ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನವು, ಬೇರೆ ಜಾತಿಯವರೊಡನೆ ಊಟಮಾಡಲು ಸಿದ್ಧನಾಗಿ ಜಾತಿಯನ್ನು ಬಿಡದವನು ಪ್ರಭುವಿನ ಭೋಜನಕ್ಕೆ ಅರ್ಹನಲ್ಲವೆಂಬ ನಿರ್ಣಯಕ್ಕೆ ಬಂದಿತು. ಈ ನಿರ್ಣಯದ ತಾತ್ಪರ್ಯವು ಸ್ಪಷ್ಟ: ದೇವಾಲಯದ ಪಂಕ್ತಿಯ ಸತ್ಯಾಸತ್ಯತೆಯನ್ನು ಅಡಿಗೆಮನೆಯ ಪಂಕ್ತಿಯು ನಿರ್ಣಯಿಸತಕ್ಕದ್ದು. ಪ್ರಾರ್ಥನೆಯನ್ನು ಕಲಿಯುವುದು ಸುಲಭ, ಪಂಕ್ತಿಯನ್ನು ಬದಲಿಸುವುದು ಕಷ್ಟ. ಎಲ್ಲೆಲ್ಲಿ ಎರಡನೆಯದು ಆಗಲಿಲ್ಲವೋ ಅಲ್ಲೆಲ್ಲ ಮೊದಲನೆಯದು ಆಮೋಸನ ಖಂಡನೆಗೆ ಗುರಿಯಾಗಿಯೇ ಉಳಿಯಿತು.

೬

ಕನ್ನಡಿಗರಿಗೆ ಈ ವಿಚಾರವು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿಯೂ, ಕೆಲವೆಡೆ ಅದಕ್ಕಿಂತ ಮಿಗಿಲಾಗಿಯೂ ಎಣಿಸಿದರು, ದೇಹವನ್ನೇ ದೇಗುಲವೆಂದರು. ಆದರೆ ಎರಡು ಮತಗಳನ್ನೂ ಒಂದೇ ಎಂದು ಬಿಡುವುದು ಸಾಧುವಲ್ಲ. ಶರಣರಲ್ಲಿ ಕಾಯಕವು ದಾಸೋಹವಾಗಿ ಪರಿಣಮಿಸಿ ಶಿವಪಥವೇ ಆಗುತ್ತದೆ. ಪೌಲನಲ್ಲಿ ದೈನಂದಿನ ಸೇವೆಯು ಮೊದಲೇ ದೊರೆತ ಕೃಪೆಗೆ ಸಲ್ಲಿಸುವ ಉತ್ತರ, ಗಳಿಕೆಯ ಸಾಧನವಲ್ಲ. ಈ ಭೇದವನ್ನು ಉಳಿಸಿಕೊಂಡೇ ಎರಡೂ ಒಂದನ್ನೊಂದು ಬೆಳಗಬಲ್ಲವು.

ಇದಕ್ಕೆ ನಿದರ್ಶನವು ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ೨೦ನೆಯ ಶತಮಾನದ ನಡುವಿನಲ್ಲಿ ಗೋವೆಯ ಜೆಸುಯಿಟ್ ಗುರು ಆರ್ಮಾಂಡ್ ಆಲ್ವಾರಿಸರು ಸ್ವಾಮಿ ಅನಿಮಾನಂದರೆಂಬ ಹೆಸರಿನಿಂದ ಕಾವಿಯುಟ್ಟು, ದೇಶನೂರಿನಲ್ಲಿ ವಿರಕ್ತಮಠದ ರೀತಿಯಲ್ಲಿ ಬಾಳಿದರು. ವೇಷವು ಇಲ್ಲಿ ಗೌಣ. ನೆರೆಯವರಿಗೆ ತಿಳಿಯುವ ಬಾಳಿನ ಭಾಷೆಯಲ್ಲಿ ಆರಾಧನೆಯನ್ನು ನುಡಿಯಬೇಕೆಂಬುದೇ ಮುಖ್ಯ. ೧೯೫೩ರಲ್ಲಿ ಬೆಳಗಾವಿಯು ಪ್ರತ್ಯೇಕ ಕೆಥೋಲಿಕ ಧರ್ಮಪ್ರಾಂತವಾಯಿತು. ೧೯೬೨–೬೫ರ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನಿನ ಬದಲಾಗಿ ದೇಶಭಾಷೆಗಳಲ್ಲಿ ಬಲಿಪೂಜೆಯು ನಡೆಯತೊಡಗಿತು. ಮನೆಯ ಭಾಷೆಯು ಇಗರ್ಜಿಯೊಳಗೆ ಪ್ರವೇಶಿಸಿತು. ದಿನಚರಿಯು ಆರಾಧನೆಯಾಗುವುದಕ್ಕೆ ಮೊದಲು ದಿನದ ನುಡಿಯು ಆರಾಧನೆಯ ನುಡಿಯಾಗಬೇಕಷ್ಟೆ.

೭

ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮದ ೩೧ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆಯುಂಟು: ಉಗ್ರಾಣದ ಅಧಿಕಾರಿಯು ಮಠದ ಪಾತ್ರೆಪದಾರ್ಥಗಳನ್ನೆಲ್ಲ ಪೂಜಾಪೀಠದ ಪಾತ್ರೆಗಳಂತೆಯೇ ಕಾಣತಕ್ಕದ್ದು. ಖಾನಾಪುರದ ಮಣ್ಣಿನ ಗಡಿಗೆಗೂ ಬಲಿಪೀಠದ ಬಟ್ಟಲಿಗೂ ಈ ದೃಷ್ಟಿಯಲ್ಲಿ ಭೇದವಿಲ್ಲ; ಒಂದರಲ್ಲಿ ನೆರೆಯವನಿಗೆ ನೀರನ್ನು ಕೊಡದವನು ಇನ್ನೊಂದರಲ್ಲಿ ದೇವರಿಗೆ ಏನನ್ನೂ ಒಪ್ಪಿಸಲಾರನು. ಈ ಪ್ರಾಂತದ ಕ್ರೈಸ್ತ ಜೀವನದಲ್ಲಿ ಆರಾಧನೆಯು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದುದಕ್ಕೆ ಸಾಕಷ್ಟು ಸಾಕ್ಷ್ಯಗಳಿವೆ. ಪಂಕ್ತಿಯ ಗೆರೆಯನ್ನು ಎಲ್ಲೆಡೆಯೂ ದಾಟಲಿಲ್ಲವೆಂಬುದೂ ಅಷ್ಟೇ ನಿಜ. ಭಾಷಾಂತರದಲ್ಲಿ ಎರಡಾಗಿ ಹೋದ ‘ಆರಾಧನೆ’ಯನ್ನೂ ‘ಸೇವೆ’ಯನ್ನೂ ಮತ್ತೆ ಒಂದುಗೂಡಿಸುವ ಕೆಲಸವು ನಿಘಂಟಿನಲ್ಲಿ ಆಗತಕ್ಕದ್ದಲ್ಲ, ಅದು ನಿತ್ಯದ ಬಾಳಿನಲ್ಲಿಯೇ ಆಗತಕ್ಕದ್ದು.