ಮರ್ರಾಕೇಶ್‌ಗೆ ಏನು ಉಟ್ಟುಕೊಂಡು ಹೋಗೋದು?

ವೀಸಾ, ಟಿಕೆಟು, ಉಳಿಯುವ ಜಾಗ ಎಲ್ಲ ಒಂದೇ ವಾರದಲ್ಲಿ ಮುಗಿದಿತ್ತು. ಬಟ್ಟೆ ಏನು ಒಯ್ಯುವುದು ಅನ್ನೋ ಮಾತು ಮಾತ್ರ ಮೂರು ವಾರ ಎಳೆಯಿತು. ಕಳೆದ ಡಿಸೆಂಬರ್ ರಜೆಯಲ್ಲಿ ಮೊರಾಕ್ಕೊಗೆ ಹೊರಟವರು ನಾವು ಮೂರು ಜನ ಹೆಂಗಸರು: ನಾನು, 13 ವರ್ಷದ ಮಗಳು, ಅಪ್ಪ ಹೋದ ಮೇಲೆ ಧಾರವಾಡ ಬಿಟ್ಟು ಪುಣೆಗೆ ಬಂದು ನಮ್ಮ ಜೊತೆ ಇರುವ ಅವ್ವ. ಯಜಮಾನರಿಗೆ ವರ್ಷದ ಕೊನೆಯ ರಿಲೀಸ್ ಇತ್ತು, ರಜೆ ಸಿಗಲಿಲ್ಲ.

ಅವ್ವನ ಷರತ್ತು ಒಂದೇ. “ನಾ ಏನ್ ಪ್ಯಾಂಟು ಹಾಕ್ಕೊಳ್ಳಂಗಿಲ್ಲ ನೋಡು. ಸೀರಿ ಉಡೂದಾದ್ರ ಬರ್ತೀನಿ, ಇಲ್ಲಂದ್ರ ನೀವಿಬ್ರೂ ಹೋಗಿ ಬರ್ರಿ.” ಮಗಳ ಷರತ್ತು ಅದಕ್ಕೆ ಉಲ್ಟಾ. ಪುಣೆಯಲ್ಲಿ ಹಾಕುವ ಶಾರ್ಟ್ಸು, ತೋಳಿಲ್ಲದ ಟೀ ಶರ್ಟು ಅಲ್ಲಿ ಯಾಕೆ ಬೇಡ? ನನಗೆ ವಾದ ಮಾಡುವಷ್ಟು ಪುರುಸೊತ್ತು ಇರಲಿಲ್ಲ. “ಮೈ ತುಂಬ ಬಟ್ಟೆ ಹಾಕ್ಕೋ, ಯಾರೂ ನಿನ್ನ ತಂಟೆಗೆ ಬರಲ್ಲ” ಅಂದುಬಿಟ್ಟೆ. ನನ್ನ ಅವ್ವ ನನಗೆ ಹೇಳಿದ್ದೂ ಇದೇ ಮಾತು. ಪ್ರವಾಸದ ಎರಡನೇ ದಿನವೇ ಈ ಮಾತನ್ನು ವಾಪಸ್ ತೊಗೋಬೇಕಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ಒಂದೇ ಊರಿನಲ್ಲಿ ಎರಡು ಊರು

ಮುಂಬೈನಿಂದ ಗಲ್ಫ್ ಮಾರ್ಗವಾಗಿ ಕಾಸಾಬ್ಲಾಂಕಾ, ಅಲ್ಲಿಂದ ರೈಲಿನಲ್ಲಿ ಸುಮಾರು ಮೂರು ತಾಸು. ನಮ್ಮ ಎದುರಿನ ಸೀಟಿನಲ್ಲೂ ಮೂರು ತಲೆಮಾರು ಕೂತಿತ್ತು. ಅಜ್ಜಿ ಕಾಲಿನವರೆಗೆ ಬರುವ ನಿಲುವಂಗಿಯಲ್ಲಿ, ಮಗಳು ತಲೆಗೆ ಸ್ಕಾರ್ಫು, ಕಾಲಿಗೆ ಜೀನ್ಸು, ಮೊಮ್ಮಗಳು ಕೂದಲು ಹರಡಿಕೊಂಡು ಫೋನಿನಲ್ಲಿ ಮುಳುಗಿ. ಒಂದೇ ಮನೆಯವರು. ಈ ಒಂದು ನೋಟ ನೋಡಿದ ಮೇಲೆ “ಅಲ್ಲಿ ಹೆಂಗಸರು ಏನು ಹಾಕುತ್ತಾರೆ” ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದನ್ನು ಬಿಟ್ಟೆ.

ಮರ್ರಾಕೇಶ್ ಅಂದರೆ ಎರಡು ಊರು. ಒಂದು, ಕೆಂಪು ಮಣ್ಣಿನ ಕೋಟೆಗೋಡೆಯ ಒಳಗಿನ ಹಳೆಯ ಪೇಟೆ, ಮದೀನಾ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಜೆಮಾ ಎಲ್ ಫ್ನಾ ಚೌಕ, ಸಂದಿಗೊಂದಿಯ ಮಾರುಕಟ್ಟೆ, ಬಾಹಿಯಾ ಅರಮನೆ ಎಲ್ಲ ಇಲ್ಲಿವೆ. ಇನ್ನೊಂದು, 1912ರಿಂದ 1956ರವರೆಗಿನ ಫ್ರೆಂಚರ ಕಾಲದಲ್ಲಿ ಬೆಳೆದ ಹೊಸ ಪೇಟೆ ಗೇಲಿಜ್. ಅಗಲ ರಸ್ತೆ, ಕೆಫೆ, ಬ್ರ್ಯಾಂಡ್ ಅಂಗಡಿಗಳು. ಗೇಲಿಜ್‌ನಲ್ಲಿ ಊರಿನ ಹುಡುಗಿಯರೇ ಟೈಟ್ ಜೀನ್ಸು, ಸ್ಕರ್ಟು ಹಾಕಿ ಓಡಾಡುತ್ತಾರೆ. ಮದೀನಾದ ಒಳಗೆ ಹೋದರೆ ಭುಜ, ಮೊಣಕಾಲು ಮುಚ್ಚಿದವರೇ ಹೆಚ್ಚು. ಪುಣೆಯವರಿಗೆ ಇದು ಹೊಸದೇನಲ್ಲ. ಕೋರೆಗಾಂವ್ ಪಾರ್ಕಿನಲ್ಲಿ ಹಾಕುವುದನ್ನು ಕಸಬಾ ಪೇಟೆಯ ಗಲ್ಲಿಗೆ ಹಾಕಿಕೊಂಡು ಹೋಗುವಾಗ ನಾವೂ ಒಮ್ಮೆ ಕನ್ನಡಿ ನೋಡಿಕೊಳ್ಳುತ್ತೇವೆ.

ಕಾನೂನು ಏನು ಹೇಳುತ್ತೆ ಅಂತ ಕೇಳುವವರಿಗೆ: ಮೊರಾಕ್ಕೊದಲ್ಲಿ ಹೆಂಗಸರು ಇಂಥದ್ದೇ ಉಡಬೇಕು, ತಲೆ ಮುಚ್ಚಲೇಬೇಕು ಅನ್ನೋ ಕಾನೂನಿಲ್ಲ. ಆದರೆ ಕಾನೂನಿಲ್ಲ ಅಂದ ಮಾತ್ರಕ್ಕೆ ತಗಾದೆ ಇಲ್ಲ ಅಂತ ಅಲ್ಲ. 2015ರಲ್ಲಿ ಅಗಾದೀರ್ ಹತ್ತಿರದ ಇನೆಜ್‌ಗಾನ್ ಪಟ್ಟಣದ ಮಾರುಕಟ್ಟೆಯಲ್ಲಿ ಗಿಡ್ಡ ಉಡುಪು ಹಾಕಿದ್ದ ಇಬ್ಬರು ಯುವತಿಯರ ಸುತ್ತ ಜನ ಸೇರಿ ಗಲಾಟೆ ಮಾಡಿದರು. ಪೊಲೀಸರು ಬಂದು ಹಿಡಿದದ್ದು ಆ ಯುವತಿಯರನ್ನೇ. ಸಾರ್ವಜನಿಕ ಅಸಭ್ಯತೆಯ ಕೇಸು ಹಾಕಿದರು. ಉಡುಪು ಅಪರಾಧವಲ್ಲ ಅಂತ ದೇಶದ ಹಲವು ಊರುಗಳಲ್ಲಿ ಹೆಂಗಸರು ಬೀದಿಗಿಳಿದರು. ಅದೇ ಜುಲೈನಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು.

ಜೆಲ್ಲಾಬಾದ ಕಥೆ

ರೈಲಿನ ಅಜ್ಜಿ ಹಾಕಿದ್ದ ನಿಲುವಂಗಿಯ ಹೆಸರು ಜೆಲ್ಲಾಬಾ. ಸಡಿಲವಾದ ಅಂಗಿ, ಉದ್ದ ತೋಳು, ಹಿಂದೆ ಚೂಪಾದ ಟೋಪಿ. ಇದನ್ನೇ ಅಲ್ಲಿನ “ಹೆಂಗಸರ ಸಾಂಪ್ರದಾಯಿಕ ಉಡುಪು” ಅಂತ ನಾನು ತಿಳಿದಿದ್ದೆ. ನಿಜ ಸಂಗತಿ ಬೇರೆ. ಜೆಲ್ಲಾಬಾ ಮೊದಲು ಗಂಡಸರದು. ಪೇಟೆಯ ಹೆಂಗಸರು ಹೊರಗೆ ಹೋಗುವಾಗ ಹೊದೆಯುತ್ತಿದ್ದದ್ದು ಹೈಕ್, ಹೊಲಿಗೆಯಿಲ್ಲದ ದೊಡ್ಡ ಬಟ್ಟೆ. ಅದು ಜಾರದಂತೆ ಸದಾ ಕೈಯಲ್ಲಿ ಹಿಡಿದಿರಬೇಕು. ಕಳೆದ ಶತಮಾನದ ನಡುವಿನಲ್ಲಿ, ಸ್ವಾತಂತ್ರ್ಯ ಚಳವಳಿ ಬಿಸಿಯಾಗಿದ್ದಾಗ, ಹೆಂಗಸರು ಗಂಡಸರ ಜೆಲ್ಲಾಬಾವನ್ನು ತಮ್ಮ ಅಳತೆಗೆ ಹೊಲಿಸಿಕೊಂಡು ಹಾಕತೊಡಗಿದರು. ಫೆಜ್ ನಗರದಲ್ಲಿ 1940ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ ತಮ್ಮ ಬಾಲ್ಯದ ಕಥನದಲ್ಲಿ ಈ ಬದಲಾವಣೆಯ ಬಗ್ಗೆ ಬರೆದಿದ್ದಾರೆ. ಕೈ ಖಾಲಿಯಾಯಿತು, ಕಾಲು ಬೀಸಿ ನಡೆಯಲು ಬಂತು. ಇವತ್ತು ಮಡಿವಂತಿಕೆಯ ಗುರುತು ಅಂತ ನಮಗೆ ಕಾಣುವ ಬಟ್ಟೆ ಆ ಕಾಲದಲ್ಲಿ ಬಿಡುಗಡೆಯ ಬಟ್ಟೆ.

ಇದನ್ನು ಅವ್ವನಿಗೆ ಹೇಳಿದೆ. “ಅಂದ್ರ ನಮ್ಮ ಸೆರಗಿನ ಕಾಟನ ಅವ್ರಿಗೂ ಇತ್ತನ್ನು” ಅಂದಳು.

ಅವ್ವನ ಇಳಕಲ್ ಸೀರೆಯ ವಿಷಯಕ್ಕೆ ಬರೋಣ. ನನಗೆ ಚಿಂತೆ ಇದ್ದದ್ದು ಸೆರಗು, ನೆರಿಗೆಯದು. ಅಷ್ಟಿಷ್ಟು ತೊಂದರೆ ಆಯಿತು ಕೂಡ. ಮದೀನಾದ ಕಿರಿದಾದ ಗಲ್ಲಿಗಳಲ್ಲಿ ಮೊಪೆಡ್‌ಗಳು ಮೈ ಸವರಿಕೊಂಡೇ ಹೋಗುತ್ತವೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಒಂದು ಗೇಣು ಮೇಲೆತ್ತಿ ಉಟ್ಟ ಮೇಲೆ ಸರಿಹೋಯಿತು. ಆದರೆ ನಮ್ಮ ತಲೆಗೇ ಬಾರದ ಸಂಗತಿಯೊಂದನ್ನು ನಾವು ಉಳಿದಿದ್ದ ಹಳೆಯ ಮನೆಯ ಅಡುಗೆಯಾಕೆ ತೋರಿಸಿದಳು. ಬೆಳಿಗ್ಗೆ ಪುದೀನ ಚಹಾ ಕೊಡಲು ಬಂದವಳು ಅವ್ವನ ಬರಿ ಸೊಂಟ ಮುಟ್ಟಿ, ತೋಳು ತಿಕ್ಕಿಕೊಂಡು, “ಚಳಿ ಆಗಲ್ವಾ?” ಅಂತ ಸನ್ನೆಯಲ್ಲಿ ಕೇಳಿದಳು. ಅವ್ವ ನಾಚಿ ನಕ್ಕು ಶಾಲು ಎಳೆದುಕೊಂಡಳು. ಅರವತ್ತೆಂಟು ವರ್ಷ ತನ್ನ ಉಡುಗೆಯೇ ಅತ್ಯಂತ ಮರ್ಯಾದೆಯದ್ದು ಅಂತ ನಂಬಿದವಳು, ಮೊಮ್ಮಗಳ ತೋಳಿಲ್ಲದ ಅಂಗಿಗೆ ವರ್ಷವಿಡೀ ಗೊಣಗಿದವಳು. ಮಗಳು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ, ಪುಣ್ಯಕ್ಕೆ.

ಅಂದಹಾಗೆ ಸೀರೆಗೆ ಯಾರೂ ಮುಖ ಸಿಂಡರಿಸಲಿಲ್ಲ. ಬಾಹಿಯಾ ಅರಮನೆಯಲ್ಲಿ ಹೆಂಗಸರು ಬಂದು ಅಂಚು ಮುಟ್ಟಿ ನೋಡಿದರು, ಫೋಟೊ ತೆಗೆಸಿಕೊಂಡರು. ಮಾರುಕಟ್ಟೆಯಲ್ಲಂತೂ ಹೆಜ್ಜೆಗೊಮ್ಮೆ “ಶಾರುಖ್ ಖಾನ್!” ಅನ್ನೋ ಕೂಗು. ಹಿಂದಿ ಸಿನಿಮಾ ಅಲ್ಲಿ ಮನೆಮಾತು.

ಎರಡನೇ ದಿನ ಮಧ್ಯಾಹ್ನ

ಚರ್ಮದ ಚಪ್ಪಲಿಗಳ ಸಾಲಿನಲ್ಲಿ ನಡೆಯುತ್ತಿದ್ದೆವು. ಮಗಳು ಪೂರ್ತಿ ತೋಳಿನ ಕುರ್ತಾ, ಸಡಿಲ ಪ್ಯಾಂಟು ಹಾಕಿ, ಕತ್ತಿಗೆ ನನ್ನ ದುಪಟ್ಟಾ ಸುತ್ತಿಕೊಂಡಿದ್ದಳು. ಮೊಪೆಡ್ ಮೇಲಿದ್ದ ಹುಡುಗನೊಬ್ಬ ಅವಳ ಪಕ್ಕಕ್ಕೆ ಬಂದು ಏನೋ ಅಂದ. ಮುಂದೆ ಹೋದೆವು, ಹಿಂದೆಯೇ ಬಂದ. ಮತ್ತೆ ಅಂದ, ತುಟಿಯಲ್ಲಿ ಸದ್ದು ಮಾಡಿದ. ಭಾಷೆ ಬಾರದಿದ್ದರೂ ಅರ್ಥವಾಗುವ ಮಾತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ನನಗೆ ನಾಲಿಗೆಯೇ ಹೊರಳಲಿಲ್ಲ.

ಅವ್ವ ತಿರುಗಿ ನಿಂತಳು. “ಏನಲೇ ಭಾಡ್ಯಾ, ಮನ್ಯಾಗ ಅಕ್ಕ ತಂಗಿ ಇಲ್ಲೇನು ನಿನಗ?” ಅಂದ ಆ ಗಂಟಲಿಗೆ ಇಡೀ ಸಾಲು ತಿರುಗಿ ನೋಡಿತು. ಪಕ್ಕದ ಅಂಗಡಿಯಿಂದ ಜೆಲ್ಲಾಬಾ ಹಾಕಿದ್ದ ಹೆಂಗಸೊಬ್ಬಳು ಹೊರಬಂದು ಅವನತ್ತ ಬೆರಳು ತೋರಿಸಿ “ಹ್ಶೂಮಾ! ಹ್ಶೂಮಾ!” ಅಂತ ಜಬರಿಸಿದಳು. ಹುಡುಗ ಗಾಡಿ ತಿರುಗಿಸಿಕೊಂಡು ಹೋದ.

ಹ್ಶೂಮಾ ಅಂದರೆ ನಮ್ಮಲ್ಲಿ “ಮಾನ ಮರ್ಯಾದಿ ಇಲ್ಲೇನು” ಅಂದಹಾಗೆ. ಸಾಮಾನ್ಯವಾಗಿ ಈ ಮಾತು ಅಲ್ಲೂ, ಇಲ್ಲೂ, ಹುಡುಗಿಯರ ಮೇಲೆಯೇ ಬೀಳುವುದು. ಆ ಅಂಗಡಿಯಾಕೆ ಅದನ್ನು ಅನ್ನಬೇಕಾದವನಿಗೇ ಅಂದಳು.

ರಾತ್ರಿ ಮಗಳು ಕೇಳಿದಳು: “ಮೈ ತುಂಬ ಹಾಕ್ಕೊಂಡ್ರೆ ಯಾರೂ ತಂಟೆಗೆ ಬರಲ್ಲ ಅಂದಿದ್ಯಲ್ಲಮ್ಮ. ನಾನು ಸರಿಯಾಗೇ ಹಾಕ್ಕೊಂಡಿದ್ನಲ್ಲ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತನ್ನಿಂದ ಎಲ್ಲಿ ತಪ್ಪಾಯಿತು ಅಂತ ಹುಡುಕುತ್ತಿದ್ದಳು. ನನಗೆ ಚುಚ್ಚಿದ್ದು ಅದೇ. ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸಿನಲ್ಲಿ ನನಗೂ ಹೀಗಾಗಿತ್ತು, ಪಿನ್ನು ಹಾಕಿದ ದುಪಟ್ಟಾದ ಮೇಲೆಯೇ. ಎಷ್ಟೋ ದಿನ ಆ ಪಿನ್ನು ಸರಿಯಿರಲಿಲ್ಲವೇನೋ ಅಂದುಕೊಂಡಿದ್ದೆ. “ನಾನು ಹೇಳಿದ್ದು ತಪ್ಪು ಪುಟ್ಟಾ. ಬಟ್ಟೆಗೂ ಅವನು ಮಾಡಿದ್ದಕ್ಕೂ ಸಂಬಂಧ ಇಲ್ಲ” ಅಂದೆ. ಮಲಗಿದ್ದ ಅವ್ವ ಆ ಕಡೆಯಿಂದ, “ನಾನೂ ನಿನಗ ಅದನ್ನ ಹೇಳಿದ್ದೆ” ಅಂತ ಮೆಲ್ಲಗೆ ಅಂದಳು.

ಬೀದಿಯ ಕಿರುಕುಳ ಅಲ್ಲೂ ಈಗ ಅಪರಾಧ. ಮಹಿಳೆಯರ ಮೇಲಿನ ದೌರ್ಜನ್ಯ ತಡೆಯುವ 103-13ನೇ ಕಾನೂನು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದೆ, ಒಂದರಿಂದ ಆರು ತಿಂಗಳ ಜೈಲು ವಿಧಿಸಬಹುದು. ಅದೊಂದು ಘಟನೆ ಬಿಟ್ಟರೆ ಎಂಟು ದಿನ ಸುಖವಾಗಿಯೇ ಕಳೆಯಿತು. ಗಲ್ಲಿಗಳಲ್ಲಿ ದಾರಿ ತಪ್ಪಿದಾಗಲೆಲ್ಲ ನಾವು ಹೆಂಗಸರನ್ನೇ ಕೇಳಿದೆವು, ಒಬ್ಬರೂ ಇಲ್ಲ ಅನ್ನಲಿಲ್ಲ.

ಹೊರಡುವವರಿಗೆ

ಹಾಗಾದರೆ ಏನು ಒಯ್ಯಬೇಕು? ನಮ್ಮ ಕುರ್ತಾ, ಸಲ್ವಾರ್, ದುಪಟ್ಟಾಗಿಂತ ಅನುಕೂಲದ ಬಟ್ಟೆ ಮತ್ತೊಂದಿಲ್ಲ. ದುಪಟ್ಟಾ ಬಿಸಿಲಿಗೆ, ಧೂಳಿಗೆ, ಬೇಕಾದಾಗ ಭುಜಕ್ಕೆ ಆಗುತ್ತದೆ. ತಲೆ ಮುಚ್ಚಬೇಕಿಲ್ಲ. ಗೇಲಿಜ್‌ನಲ್ಲಿ ಜೀನ್ಸು, ಟೀ ಶರ್ಟು ಧಾರಾಳವಾಗಿ ನಡೆಯುತ್ತದೆ. ಈಜುಡುಗೆ ಹೋಟೆಲಿನ ಕೊಳಕ್ಕೆ ಸೀಮಿತ. ಅಟ್ಲಾಸ್ ಬೆಟ್ಟದ ಹಳ್ಳಿಗಳಿಗೆ ಹೋಗುವುದಾದರೆ, ರಂಜಾನ್ ತಿಂಗಳಾದರೆ, ಇನ್ನೊಂದಿಷ್ಟು ಸಡಿಲ, ಉದ್ದದ ಬಟ್ಟೆ ಒಳ್ಳೆಯದು.

ಮೊರಾಕ್ಕೊದ ಹೆಚ್ಚಿನ ಮಸೀದಿಗಳೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶವಿಲ್ಲ, ಕುತೂಬಿಯಾವನ್ನು ಹೊರಗಿನಿಂದ ನೋಡಬೇಕು. ಕಾಸಾಬ್ಲಾಂಕಾದ ಎರಡನೇ ಹಸನ್ ಮಸೀದಿಗೆ ಗೈಡ್ ಜೊತೆ ಹೋಗಬಹುದು. ಭುಜ, ಮೊಣಕಾಲು ಮುಚ್ಚಿರಬೇಕು, ಚಪ್ಪಲಿ ಬಿಡಬೇಕು.

ಹಮಾಮ್ ಸ್ನಾನ ತಪ್ಪಿಸಬೇಡಿ. ಹೆಂಗಸರಿಗೆ ಬೇರೆ ವೇಳೆ ಅಥವಾ ಬೇರೆ ಕೋಣೆ ಇರುತ್ತದೆ. ಒಳಚಡ್ಡಿ ಮಾತ್ರ ಹಾಕಿಕೊಂಡು ಕೂರುವುದು ರೂಢಿ, ಒಣಗಿದ್ದೊಂದು ಜೊತೆಗಿರಲಿ. ಬೀದಿಯಲ್ಲಿ ಅಷ್ಟು ಮುಚ್ಚಿಕೊಳ್ಳುವ ಹೆಂಗಸರು ಒಳಗೆ ಯಾವ ಸಂಕೋಚವೂ ಇಲ್ಲದೆ ಒಬ್ಬರ ಬೆನ್ನು ಒಬ್ಬರು ತಿಕ್ಕುತ್ತಾ ಹರಟುತ್ತಾರೆ.

ಡಿಸೆಂಬರಿನಲ್ಲಿ ಹಗಲು ಬಿಸಿಲು ಹಿತ, ರಾತ್ರಿ ಮಾತ್ರ ಗಡಗಡ ನಡುಕ. ಅಂಗಳದ ಹಳೆಯ ಮನೆಗಳು ಇನ್ನೂ ತಣ್ಣಗೆ. ಸ್ವೆಟರು, ಕಾಲುಚೀಲ ಮರೆಯಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಹತ್ತಿಯೇ ಗತಿ. ಕಲ್ಲುಹಾಸಿನ ಗಲ್ಲಿಗೆ ಹಿಮ್ಮಡಿ ಎತ್ತರವಿಲ್ಲದ ಬೂಟು.

ಮಗಳ ಜೊತೆ ಹೋಗುವ ತಾಯಂದಿರಿಗೆ ಒಂದೇ ಮಾತು. ಊರಿನ ರೀತಿ ನೋಡಿ ಬಟ್ಟೆ ಹಾಕು ಅಂತ ಖಂಡಿತ ಹೇಳಿ, ಅದು ಇನ್ನೊಬ್ಬರ ಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಟ್ಟಹಾಗೆ. ಬಟ್ಟೆ ನಿನ್ನನ್ನು ಕಾಯುತ್ತೆ ಅಂತ ಮಾತ್ರ ಹೇಳಬೇಡಿ.

ಕೊನೆಯ ದಿನ ಅವ್ವ ಆ ಅಂಗಡಿಯಾಕೆಯ ಹತ್ತಿರವೇ ಹೋಗಿ ಚೌಕಾಸಿ ಮಾಡಿ ಒಂದು ಜೆಲ್ಲಾಬಾ ಕೊಂಡಳು, ಕಡುನೀಲಿ ಉಣ್ಣೆಯದು. ಈ ಜನವರಿಯ ಚಳಿಯಲ್ಲಿ ಸೀರೆಯ ಮೇಲೆ ಅದನ್ನೇ ಹಾಕಿಕೊಂಡು ಸೊಸೈಟಿಯ ಗಾರ್ಡನ್ನಿನಲ್ಲಿ ವಾಕಿಂಗ್ ಮಾಡಿದಳು. ಮೊಮ್ಮಗಳ ತೋಳಿಲ್ಲದ ಅಂಗಿಯ ಬಗ್ಗೆ ಈಗ ಗೊಣಗುವುದಿಲ್ಲ. ಚಳಿ ಆಗಂಗಿಲ್ಲೇನು, ಅಂತ ಮಾತ್ರ ಕೇಳುತ್ತಾಳೆ.