ತಾರಸಿಯ ಮೇಲೇರಿದ ಮಾಡು
ಉಡುಪಿ, ಕಾಪು, ಕಾರ್ಕಳದ ತಾರಸಿ ಮನೆಗಳ ಮೇಲೆ ಈಗ ತಗಡಿನ ಇಳಿಜಾರು ಮಾಡು ಸಾಮಾನ್ಯ. ಗಟ್ಟಿ ಕಾಂಕ್ರೀಟಿನ ಮೇಲೆ ಮತ್ತೊಂದು ಮಾಡು ಏಕೆ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಮಟ್ಟಸ ತಾರಸಿಯ ಮೇಲೆ ನಿಂತ ನೀರು ಬಿರುಕು ಹುಡುಕಿ ಒಳಗಿಳಿಯುತ್ತದೆ. ಬೇಸಿಗೆಯಲ್ಲಾದರೆ ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಮನೆಯೊಳಗೆ ಬಿಸಿ ಬಿಡುತ್ತದೆ.

ಹಳಬರು ಇವೆರಡಕ್ಕೂ ಒಂದೇ ಉತ್ತರ ಕಂಡುಕೊಂಡಿದ್ದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಮರಳಿ ನಿಲ್ಲಿಸಿದ ಕುಂಜೂರು ಚೌಕಿಮನೆಯಂಥ ಮನೆಗಳಲ್ಲಿ ಅದನ್ನು ಕಾಣಬಹುದು: ಇಳಿಜಾರು ಮಾಡು ನೀರನ್ನು ನಿಲ್ಲಗೊಡದು, ಮುಂಚಾಚಿದ ಸೂರು ಗೋಡೆಗೆ ಬಿಸಿಲು, ಇರಚಲು ತಾಗಗೊಡದು, ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಬೀಳುತ್ತದೆ. ಕರಾವಳಿಯ ಕೆಂಪುಕಲ್ಲನ್ನು ಇಟ್ಟಿಗೆಯಂತೆ ಸುಡಬೇಕಿಲ್ಲ. ಇಂಧನವೂ ಹೊಗೆಯೂ ಕಡಿಮೆ.

ಸಾಲ ಮಾಡಿ ಮನೆ ಕಟ್ಟುವವರಿಗೆ ಎರಡು ಮಾಡಿನ ಖರ್ಚು ಸಣ್ಣದಲ್ಲ. ಮೊದಲೇ ಇಳಿಜಾರು ಮಾಡು ಹಾಕಿದರೆ ಒಂದು ಉಳಿಯುತ್ತದೆ.