ಹೊರಗೆ ನಿಂತೇ ಮರ ಕೊಲ್ಲುವ ದುಂಡಾಣು

ಗಿಡಮರಗಳಿಗೆ ದುಂಡಾಣುವಿನಿಂದ ರೋಗ ಬರುವುದೇ ಇಲ್ಲ ಎಂದು ಜರ್ಮನಿಯ ಸಸ್ಯವಿಜ್ಞಾನಿ ಆಲ್ಫ್ರೆಡ್ ಫಿಶರ್ 1897ರಲ್ಲಿ ಪುಸ್ತಕ ಬರೆದು ಸಾರಿದ. ಸಸ್ಯಕೋಶದ ಗೋಡೆ ದಾಟುವ ತಾಕತ್ತು ಅವಕ್ಕೆಲ್ಲಿದೆ ಎಂಬುದು ಅವನ ವಾದ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಅರ್ವಿನ್ ಸ್ಮಿತ್ ಕೆರಳಿ, ಜರ್ಮನ್ ಪತ್ರಿಕೆಯಲ್ಲೇ ಪುರಾವೆಗಳ ಸಮೇತ ಉತ್ತರ ಕೊಟ್ಟ. ಜಗಳ 1901ರವರೆಗೂ ಎಳೆಯಿತು. ಗೆದ್ದವನು ಸ್ಮಿತ್.

ಪುರಾವೆಯೇನೋ ಪಿಯರ್ ತೋಟಗಳಲ್ಲಿ ಆಗಲೇ ಸಿಕ್ಕಿತ್ತು. ಅಲ್ಲಿನ ‘ಫೈರ್ ಬ್ಲೈಟ್’ ರೋಗದಲ್ಲಿ ಚಿಗುರು ಬಾಗುತ್ತದೆ, ಎಲೆ ಕಪ್ಪಾಗಿ ಒಣಗಿದರೂ ಉದುರುವುದಿಲ್ಲ, ತೊಗಟೆಯಿಂದ ಅಂಟಂಟು ಹನಿ ಜಿನುಗುತ್ತದೆ. ಆ ಹನಿಯಲ್ಲಿ ದುಂಡಾಣುಗಳಿವೆ, ಅವೇ ರೋಗಕ್ಕೆ ಕಾರಣ ಎಂದು ಇಲಿನಾಯ್‌ನ ಥಾಮಸ್ ಬರಿಲ್ 1880ರ ವೇಳೆಗೇ ಹೇಳಿದ್ದ. ಜೋಸೆಫ್ ಆರ್ಥರ್ 1885ರಲ್ಲಿ ರೋಗದ ರಸವನ್ನು ಸೋಸಿ, ದುಂಡಾಣು ತೆಗೆದು ಗಿಡಕ್ಕೆ ಹಾಕಿ ನೋಡಿದ. ರೋಗ ಬರಲಿಲ್ಲ! ಆದರೂ ಆ ದುಂಡಾಣುವಿನ ಕುಲಕ್ಕೆ ಮುಂದೆ ‘ಅರ್ವಿನಿಯ’ ಎಂದು ಸ್ಮಿತ್‌ನ ಹೆಸರಿಟ್ಟರು. ಬರಿಲ್‌ಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಸೋತ ಫಿಶರ್‌ನ ಮಾತಲ್ಲೂ ಅರ್ಧ ನಿಜವಿತ್ತು. ಈ ದುಂಡಾಣು ಬದುಕಿರುವ ಕೋಶದ ಒಳಗೆ ನುಗ್ಗುವುದಿಲ್ಲ, ಕೋಶಗಳ ನಡುವಿನ ಸಂದಿಯಲ್ಲೇ ಬೀಡುಬಿಡುತ್ತದೆ. ಹಾಗಾದರೆ ಕೊಲ್ಲುವುದು ಹೇಗೆ?

ಸುಳಿವು ಸಿಕ್ಕಿದ್ದು ತಂಬಾಕಿನ ಎಲೆಯಲ್ಲಿ. ಹಂಗೆರಿಯ ಜೋಲ್ಟಾನ್ ಕ್ಲೆಮೆಂಟ್ 1963ರಲ್ಲಿ ರೋಗಕಾರಕ ದುಂಡಾಣುಗಳನ್ನು ಸಿರಿಂಜಿನಿಂದ ಎಲೆಗೆ ತುಂಬಿಸಿದ. ಒಂದು ದಿನ ಕಳೆಯುವುದರೊಳಗೆ ಅಷ್ಟು ಜಾಗ ಮಾತ್ರ ಸತ್ತು ಒಣಗಿತು. ನಿರಪಾಯಕಾರಿ ದುಂಡಾಣು ತುಂಬಿದ ಕಡೆ ಏನೂ ಆಗಲಿಲ್ಲ. ಈ ಸರಳ ಪರೀಕ್ಷೆಯನ್ನೇ ಹಿಡಿದು ಹೋದವರಿಗೆ 1980ರ ದಶಕದಲ್ಲಿ ‘ಎಚ್‌ಆರ್‌ಪಿ’ ಎಂಬ ಜೀನ್‌ಗಳ ಗುಂಪು ಸಿಕ್ಕಿತು. ಅವು ಕೆಟ್ಟರೆ ದುಂಡಾಣು ಬದುಕುತ್ತದೆ, ರೋಗ ತರಲಾರದು. ಎಲೆಯನ್ನು ಒಣಗಿಸುವ ‘ಹಾರ್ಪಿನ್’ ಪ್ರೋಟೀನನ್ನು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 1992ರಲ್ಲಿ ಫೈರ್ ಬ್ಲೈಟ್ ದುಂಡಾಣುವಿನಿಂದಲೇ ಬೇರ್ಪಡಿಸಿತು.

ಈ ಜೀನ್‌ಗಳು ಕಟ್ಟುವುದು ಒಂದು ಸೂಕ್ಷ್ಮ ಸೂಜಿಯನ್ನು. ದುಂಡಾಣು ಹೊರಗೇ ನಿಂತು ಕೋಶದೊಳಕ್ಕೆ ಪ್ರೋಟೀನ್ ಚುಚ್ಚುತ್ತದೆ. ಅದರಲ್ಲೂ ಲೆಕ್ಕಾಚಾರವಿದೆ. ಪ್ರಯೋಗಾಲಯದ ಪುಷ್ಕಳ ಆಹಾರದಲ್ಲಿ ಈ ಜೀನ್‌ಗಳು ಮಲಗಿರುತ್ತವೆ. ಎಲೆಯ ಸಂದಿಯಂಥ ಹುಳಿಯಾದ, ಬಡ ಪರಿಸರದಲ್ಲಿ ಎಚ್‌ಆರ್‌ಪಿ-ಎಲ್ ಎಂಬ ಪ್ರೋಟೀನ್ ಅವನ್ನು ಎಬ್ಬಿಸುತ್ತದೆ.

ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ದಾಳಿಂಬೆಯನ್ನು ಕಾಡುವ ಅಂಗಮಾರಿಯ ದುಂಡಾಣು ಬೇರೆ ಕುಲದ್ದು, ಕ್ಸಾಂತೊಮೊನಾಸ್. ಇಂಥ ಸೂಜಿ ಅದಕ್ಕೂ ಇದೆ. ಆದರೆ ಆ ಸೂಜಿ ಕಟ್ಟದಂತೆ ತಡೆಯುವ ಮದ್ದು ರೈತರ ಕೈಗೆ ಇನ್ನೂ ಸಿಕ್ಕಿಲ್ಲ. ಔಷಧಿ ಸಿಂಪಡಿಸಿದರೂ ರೋಗದ ಕೊಂಬೆ ಕತ್ತರಿಸಿ ಸುಡುವ ಕೆಲಸ ತಪ್ಪಿಲ್ಲ. ಕತ್ತರಿಯನ್ನು ಪ್ರತಿ ಗಿಡಕ್ಕೂ ಶುದ್ಧ ಮಾಡಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.